ಹೆಣ, ಶವ, ಸಬ್ಜೆಕ್ಟ್: ಒಂದು ವೈದ್ಯಕೀಯ ಥ್ರಿಲ್ಲರ್ ಬರೆದ ಅನುಭವ

ನನ್ನ ಕಾದಂಬರಿಯ ಮೊದಲ ಕರಡು ಮುಗಿದಾಗ ಅದರಲ್ಲಿ 16 ಜನ ಸತ್ತಿದ್ದರು; ಆ 16 ಜನರಲ್ಲಿ ಒಬ್ಬರೂ ಒಂದು ತುತ್ತು ಉಂಡಿರಲಿಲ್ಲ. ಇದನ್ನು ಗಮನಿಸಿದ್ದು ನಾನಲ್ಲ, ಕರಡನ್ನು ಓದಲು ಕೊಟ್ಟಿದ್ದ ಗೆಳತಿಯೊಬ್ಬರು. ಅವರು ಮುನ್ನೂರಕ್ಕೂ ಹೆಚ್ಚು ಪುಟಗಳನ್ನು ಎರಡೇ ರಾತ್ರಿಯಲ್ಲಿ ಓದಿ ಮುಗಿಸಿದ್ದರು. ಕತೆ ಓಡುತ್ತದೆ, ಕೆಳಗಿಡಲು ಮನಸ್ಸಾಗುವುದಿಲ್ಲ ಎಂದು ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ವಿದ್ಯಾರ್ಥಿಗಳು ಪ್ರತಿ ಅಧ್ಯಾಯದಲ್ಲೂ ಏನಾದರೂ ತಿನ್ನುತ್ತಾರೆ, ಕುಡಿಯುತ್ತಾರೆ, ಚಳಿಗೆ ಬೈಯುತ್ತಾರೆ. ಸಾಯುವವರು ಮಾತ್ರ ಬರೀ ಸಾಯುತ್ತಾರೆ" ಎಂದರು. ಎರಡೂವರೆ ವರ್ಷ ಕೂತು ಬರೆದದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತೆಗೆದುಹಾಕಿ ಮತ್ತೆ ಬರೆಯುವಂತೆ ಮಾಡಿದ್ದು ಆ ಮಾತು. ಆ ಕೆಲಸ ಹೇಗೆ ಶುರುವಾಯಿತು, ಎಲ್ಲಿ ತಪ್ಪಿತು, ಹೇಗೆ ಸರಿಹೋಯಿತು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಕಾದಂಬರಿಯ ವಸ್ತು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ 1828ರಲ್ಲಿ ನಡೆದ ಸರಣಿ ಕೊಲೆಗಳು. ವಿಲಿಯಂ ಬರ್ಕ್ ಮತ್ತು ವಿಲಿಯಂ ಹೇರ್ ಎಂಬಿಬ್ಬರು ಕಾಲುವೆ ತೋಡುವ ಕೆಲಸಕ್ಕೆಂದು ಐರ್ಲೆಂಡಿನಿಂದ ಬಂದವರು. ವೆಸ್ಟ್ ಪೋರ್ಟ್ ಎಂಬ ಬಡಕೇರಿಯ ಟ್ಯಾನರ್ಸ್ ಕ್ಲೋಸ್ ಓಣಿಯಲ್ಲಿ ಹೇರ್ ಒಂದು ಅಗ್ಗದ ವಸತಿಗೃಹ ನಡೆಸುತ್ತಿದ್ದ. 1827ರ ನವೆಂಬರ್‌ನಲ್ಲಿ ಅಲ್ಲಿ ತಂಗಿದ್ದ ಒಬ್ಬ ಮುದುಕ, ಸೈನ್ಯದ ಪಿಂಚಣಿದಾರ, ಮೈ ಊದಿಕೊಳ್ಳುವ ಕಾಯಿಲೆಯಿಂದ ತೀರಿಕೊಂಡ. ಅವನು ಹೇರ್‌ಗೆ ಕೊಡಬೇಕಿದ್ದ ಬಾಕಿ 4 ಪೌಂಡ್. ಅದನ್ನು ವಸೂಲು ಮಾಡಲು ಇಬ್ಬರೂ ಸೇರಿ ಶವಪೆಟ್ಟಿಗೆಯಲ್ಲಿ ಚರ್ಮ ಹದಮಾಡುವ ಮರದ ತೊಗಟೆ ತುಂಬಿ ಹೂಳಲು ಕಳಿಸಿದರು. ಹೆಣವನ್ನು ಸರ್ಜನ್ಸ್ ಸ್ಕ್ವೇರ್‌ನ 10ನೇ ನಂಬರಿನ ಕಟ್ಟಡದಲ್ಲಿದ್ದ ಡಾ. ರಾಬರ್ಟ್ ನಾಕ್ಸ್ ಅವರ ಅಂಗರಚನಾ ಶಾಲೆಗೆ ಒಯ್ದು ಮಾರಿದರು. ಸಿಕ್ಕಿದ ಬೆಲೆ 7 ಪೌಂಡ್ 10 ಷಿಲಿಂಗ್. ಎಲ್ಲಿಂದ ತಂದಿರಿ ಎಂದು ಯಾರೂ ಕೇಳಲಿಲ್ಲ. ಇನ್ನೊಂದು ಇದ್ದಾಗ ಮತ್ತೆ ಬನ್ನಿ ಎಂದು ಹೇಳಿ ಕಳಿಸಿದರು. ಮುಂದಿನ ವರ್ಷ ಅವರು ಕಾಯಿಲೆಗಾಗಿ ಕಾಯಲಿಲ್ಲ. ದಿಕ್ಕಿಲ್ಲದವರನ್ನು ಕರೆತಂದು, ವಿಸ್ಕಿ ಕುಡಿಸಿ, ಮೂಗು ಬಾಯಿ ಅಮುಕಿ ಉಸಿರುಗಟ್ಟಿಸಿ, ಚಳಿಗಾಲದಲ್ಲಿ 10 ಪೌಂಡಿಗೂ ಬೇಸಿಗೆಯಲ್ಲಿ 8 ಪೌಂಡಿಗೂ ಮಾರಿದರು. ಹಾಗೆ ಸತ್ತವರು 16 ಮಂದಿ.

ನಾನು ಈ ವಸ್ತುವಿನ ಕಡೆಗೆ ಹೋದದ್ದು ಕೊಲೆಗಾರರಿಗಾಗಿ ಅಲ್ಲ. ಆ ಕಟ್ಟಡದ ಒಳಗಿದ್ದ ಹುಡುಗರು ನನ್ನನ್ನು ಸೆಳೆದರು. ಇಪ್ಪತ್ತರ ಆಸುಪಾಸಿನ ಯುವಕರು, ದೇಹದ ಒಳಗನ್ನು ಅರಿಯದೆ ಶಸ್ತ್ರವೈದ್ಯರಾಗಲು ಸಾಧ್ಯವಿಲ್ಲವೆಂದು ಬಲ್ಲವರು, ಹೆಸರು ಮಾಡಬೇಕೆಂಬ ಹಸಿವುಳ್ಳವರು. ಅರಿವಳಿಕೆ ಇನ್ನೂ ಬಂದಿರಲಿಲ್ಲ. ಈಥರ್ ಬಳಕೆಗೆ ಬಂದದ್ದು 1846ರಲ್ಲಿ, ಕ್ಲೋರೊಫಾರ್ಮ್ ಅದೇ ಎಡಿನ್‌ಬರೋದಲ್ಲಿ 1847ರಲ್ಲಿ. ಎಚ್ಚರವಿರುವ ರೋಗಿಯ ಕಾಲನ್ನು ಕತ್ತರಿಸುವವನಿಗೆ ರಕ್ತನಾಳ ಎಲ್ಲಿದೆ ಎಂದು ಹುಡುಕುತ್ತಾ ಕೂರಲು ಸಮಯವಿರುವುದಿಲ್ಲ. ಕೈಗೆ ಅದು ಮೊದಲೇ ಗೊತ್ತಿರಬೇಕು. ಕೈಗೆ ಗೊತ್ತಾಗುವುದು ಹೆಣ ಕೊಯ್ದರೆ ಮಾತ್ರ. ಆದ್ದರಿಂದ ಅವರ ಬೇಡಿಕೆ ದುರಾಸೆಯದಾಗಿರಲಿಲ್ಲ, ನಿಜವಾದ ಅಗತ್ಯದ್ದಾಗಿತ್ತು ಎಂಬುದನ್ನು ನಾನು ಮೊದಲಿನಿಂದಲೂ ಬಿಟ್ಟುಕೊಟ್ಟಿಲ್ಲ. ಅಗತ್ಯ ನಿಜವಾಗಿದ್ದರಿಂದಲೇ ಈ ಕತೆ ಕಷ್ಟದ್ದು.

ಕಾನೂನು ಕೊಡುತ್ತಿದ್ದದ್ದು ಬಹಳ ಕಡಿಮೆ. ಬ್ರಿಟನ್ನಿನಲ್ಲಿ 1752ರಿಂದ ಜಾರಿಯಲ್ಲಿದ್ದ ಕಾಯಿದೆ ಗಲ್ಲಿಗೇರಿದ ಕೊಲೆಗಾರರ ದೇಹಗಳನ್ನು ಶವಚ್ಛೇದನಕ್ಕೆ ಒಪ್ಪಿಸುತ್ತಿತ್ತು; ಅದನ್ನು ಮರಣದಂಡನೆಗಿಂತ ದೊಡ್ಡ ಅವಮಾನವಾಗಿ, ಶಿಕ್ಷೆಯ ಮೇಲಿನ ಶಿಕ್ಷೆಯಾಗಿ ವಿಧಿಸಲಾಗಿತ್ತು. ಗಲ್ಲಿಗೇರುವವರ ಸಂಖ್ಯೆಗೂ ಓದುವ ಹುಡುಗರ ಸಂಖ್ಯೆಗೂ ತಾಳೆಯೇ ಇರಲಿಲ್ಲ. ವಿಶ್ವವಿದ್ಯಾಲಯದ ಅಂಗರಚನಾ ಪೀಠ ಅಲೆಕ್ಸಾಂಡರ್ ಮನ್ರೋ ಎಂಬ ಒಂದೇ ಹೆಸರಿನ ಅಜ್ಜ, ಮಗ, ಮೊಮ್ಮಗನ ಕೈಯಲ್ಲಿ 1720ರಿಂದ 1846ರವರೆಗೆ, 126 ವರ್ಷ, ಒಂದು ಮನೆಯ ಆಸ್ತಿಯಂತೆ ಉಳಿದಿತ್ತು. ಮೂರನೆಯ ಮನ್ರೋನ ಪಾಠ ಎಷ್ಟು ಸಪ್ಪೆಯಾಗಿತ್ತೆಂದರೆ, 1825ರಲ್ಲಿ ಅಲ್ಲಿ ವೈದ್ಯಕೀಯ ಓದಲು ಸೇರಿದ್ದ ಚಾರ್ಲ್ಸ್ ಡಾರ್ವಿನ್‌ಗೆ ಆ ವಿಷಯದ ಮೇಲೇ ಜಿಗುಪ್ಸೆ ಹುಟ್ಟಿತು. ನಾಕ್ಸ್ ಇದಕ್ಕೆ ತದ್ವಿರುದ್ಧ. ಅವನಿಗೆ ಪೀಠವಿರಲಿಲ್ಲ, ವಂಶವಿರಲಿಲ್ಲ. ಸೈನ್ಯದಲ್ಲಿ ಶಸ್ತ್ರವೈದ್ಯನಾಗಿದ್ದವನು, ಬಾಲ್ಯದ ಸಿಡುಬಿಗೆ ಒಂದು ಕಣ್ಣು ಕಳೆದುಕೊಂಡವನು, ವಿದ್ಯಾರ್ಥಿಗಳು ಕೊಡುವ ಶುಲ್ಕದ ಮೇಲೇ ಬದುಕಬೇಕಾದವನು. ಅವನ ತರಗತಿಗೆ ಒಂದು ಚಳಿಗಾಲದಲ್ಲಿ 500ರಷ್ಟು ಜನ ಸೇರುತ್ತಿದ್ದರು. ಅಷ್ಟು ಜನರ ಮುಂದೆ ನಿಲ್ಲುವವನಿಗೆ ಮೇಜಿನ ಮೇಲೆ ತಾಜಾ ಹೆಣ ಇರಲೇಬೇಕಿತ್ತು.

ಈ ಕೊರತೆ ತುಂಬುತ್ತಿದ್ದವರು ಹೆಣಗಳ್ಳರು. ಅವರ ಕಸುಬಿನ ಬಗ್ಗೆ ಓದಿದ ತಿಂಗಳುಗಳನ್ನು ನಾನು ಮರೆಯಲಾರೆ. ಸದ್ದಾಗದಿರಲೆಂದು ಮರದ ಗುದ್ದಲಿ; ಪೂರ್ತಿ ಗುಂಡಿಯನ್ನು ತೋಡದೆ ತಲೆಯ ಭಾಗವನ್ನಷ್ಟೇ ತೋಡಿ, ಪೆಟ್ಟಿಗೆಯ ಮುಚ್ಚಳವನ್ನು ಅಲ್ಲೇ ಮುರಿದು, ಹಗ್ಗ ಹಾಕಿ ಮೇಲೆಳೆಯುವುದು; ಮೈಮೇಲಿನ ಬಟ್ಟೆಯನ್ನು ಬಿಚ್ಚಿ ಗುಂಡಿಗೇ ಹಾಕಿ ಮಣ್ಣು ಮುಚ್ಚುವುದು. ಹಣವಿದ್ದವರು ಆಳವಾಗಿ ಹೂಳಿಸುತ್ತಿದ್ದರು, ಕಾವಲಿಡುತ್ತಿದ್ದರು, ಗೋರಿಯ ಮೇಲೆ ಕಬ್ಬಿಣದ ಪಂಜರ ಕೂರಿಸುತ್ತಿದ್ದರು. ಬಡವರ ಹೊಂಡಗಳಿಗೆ ಇದ್ಯಾವುದೂ ಇರಲಿಲ್ಲ. ಎಡಿನ್‌ಬರೋದ ಗ್ರೇಫ್ರಯರ್ಸ್ ಸ್ಮಶಾನದಲ್ಲಿ ಇಂದಿಗೂ ಉಳಿದಿರುವ ಅಂಥ ಪಂಜರಗಳ ಮುಂದೆ ನಿಂತಾಗ ನನಗೆ ನನ್ನ ಕಥಾನಾಯಕ ಸಿಕ್ಕ: ನೇಯ್ಗೆಯವನ ಮಗ, ಸಾಲದ ಶುಲ್ಕದಲ್ಲಿ ನಾಕ್ಸ್‌ನ ತರಗತಿಗೆ ಸೇರಿದವನು, ತನ್ನ ತಾಯಿಯನ್ನು ಹೂತ ಜಾಗಕ್ಕೆ ಪಂಜರವಿರಲಿಲ್ಲ ಎಂಬುದನ್ನು ಬಲ್ಲವನು. ಅವನ ಜೊತೆಗೆ ಒಬ್ಬ ಸಿರಿವಂತ ಸಹಪಾಠಿಯನ್ನೂ, ಶವಚ್ಛೇದನದ ಕೋಣೆಯ ನೆಲ ತೊಳೆಯುವ ಒಬ್ಬ ಹುಡುಗಿಯನ್ನೂ ಇಟ್ಟುಕೊಂಡೆ. ಈ ಮೂವರು ನನ್ನ ಕಲ್ಪನೆಯವರು, ಉಳಿದವರೆಲ್ಲ ದಾಖಲೆಯಲ್ಲಿರುವವರು.

ಮೊದಲ ವರ್ಷವೆಲ್ಲ ಓದಿನಲ್ಲೇ ಹೋಯಿತು. ಬರ್ಕ್‌ನ ವಿಚಾರಣೆಯ ವರದಿ 1829ರಲ್ಲೇ ಅಚ್ಚಾಗಿದೆ. ಗಲ್ಲಿಗೇರುವ ಮುನ್ನ ಅವನು ಜೈಲಿನಲ್ಲಿ ಕೊಟ್ಟ ಎರಡು ತಪ್ಪೊಪ್ಪಿಗೆಗಳೂ ಸಿಗುತ್ತವೆ. ಅವನ್ನು ಎಷ್ಟು ಬಾರಿ ಓದಿದೆನೆಂದರೆ ಕೆಲವು ಸಾಕ್ಷಿಗಳ ಮಾತಿನ ಓಟವೇ ಕಿವಿಯಲ್ಲಿ ಕೂತಿತು. ಇಷ್ಟಾದರೂ ಕಾಲದ ತಪ್ಪುಗಳು ನುಸುಳುತ್ತಲೇ ಇದ್ದವು. ಒಂದು ಅಧ್ಯಾಯದಲ್ಲಿ ನನ್ನ ನಾಯಕ ಹೆಣ ಕೊಯ್ದ ಕೈಯನ್ನು ಸೋಂಕು ತಡೆಯುವ ಕಾರ್ಬಾಲಿಕ್ ಆಮ್ಲದಲ್ಲಿ ತೊಳೆದುಕೊಂಡುಬಿಟ್ಟಿದ್ದ. ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಅದನ್ನು ಗಾಯಗಳಿಗೆ ಬಳಸಲು ತೊಡಗಿದ್ದು 1865ರಲ್ಲಿ. ಇನ್ನೊಂದರಲ್ಲಿ ಅವನು ಸಲೀಸಾಗಿ ಬೆಂಕಿಕಡ್ಡಿ ಗೀರುತ್ತಿದ್ದ. ಗೀರುವ ಕಡ್ಡಿ ಮಾರಾಟಕ್ಕೆ ಬಂದದ್ದೇ 1827ರಲ್ಲಿ, ಅದೂ ಇಂಗ್ಲೆಂಡಿನ ಒಂದು ಊರಿನ ಅಂಗಡಿಯಲ್ಲಿ. 'ವಿಜ್ಞಾನಿ' ಎಂಬ ಪದದ ವಿಷಯದಲ್ಲೂ ಎಡವಿದೆ. ಇಂಗ್ಲಿಷಿನ 'ಸೈಂಟಿಸ್ಟ್' ಎಂಬ ಪದವನ್ನು ವಿಲಿಯಂ ಹ್ಯೂವೆಲ್ ಟಂಕಿಸಿದ್ದು 1833ರಲ್ಲಿ. ನನ್ನ ಹುಡುಗರು ತಮ್ಮನ್ನು ತಾವು ವಿಜ್ಞಾನಿಗಳೆಂದು ಕರೆದುಕೊಳ್ಳಲು ಐದು ವರ್ಷ ಮುಂಚೆ ಹುಟ್ಟಿದ್ದರು. ಅವರ ಬಾಯಲ್ಲಿ ಆ ಮಾತನ್ನು ತೆಗೆದು, ನಿರೂಪಣೆಯಲ್ಲಿ ಮಾತ್ರ ಉಳಿಸಿಕೊಂಡೆ.

ತಪ್ಪುಗಳನ್ನು ತಿದ್ದುವಾಗ ಕತೆಗೂ ಲಾಭವಾಯಿತು. ಕೈ ತೊಳೆಯುವ ಸಾಲನ್ನು ತೆಗೆದ ಮೇಲೆ ಆ ಕೈಯನ್ನು ನೋಡುತ್ತಾ ಕೂತೆ. ಗವಸಿಲ್ಲದ ಬರಿಗೈ; ರಬ್ಬರ್ ಗವಸು ಶಸ್ತ್ರಕ್ರಿಯೆಗೆ ಬರಲು ಇನ್ನೂ ಅರವತ್ತು ವರ್ಷ. ಮೇಜಿನ ಮೇಲಿನ ದೇಹವನ್ನು ಕೆಡದಂತೆ ಕಾಯುವ ಫಾರ್ಮಾಲಿನ್ ಇಲ್ಲ, ಚಳಿಯೊಂದೇ ಕಾವಲು. ರಕ್ತನಾಳಗಳು ಕಣ್ಣಿಗೆ ಕಾಣಲೆಂದು ಬಣ್ಣ ಬೆರೆಸಿದ ಬಿಸಿ ಮೇಣವನ್ನು ಅವುಗಳೊಳಗೆ ತುಂಬುತ್ತಾರೆ. ಅದು ತಣ್ಣಗಾಗಿ ಗಟ್ಟಿಯಾದಾಗ ಕೊರಡಿನಂಥ ತೋಳಿನಲ್ಲಿ ಕೆಂಪು ಬೇರುಗಳು ಏಳುತ್ತವೆ. ಹಾಗೆ ಕೊಯ್ಯುವಾಗ ಕತ್ತಿಯ ತುದಿ ಬೆರಳಿಗೆ ಸಾಸಿವೆಯಷ್ಟು ತಾಗಿದರೂ ಸಾಕು; ಎರಡು ದಿನದಲ್ಲಿ ಕಂಕುಳಲ್ಲಿ ಗಡ್ಡೆ, ಆಮೇಲೆ ಜ್ವರ. ಹಾಗೆ ಸತ್ತ ವಿದ್ಯಾರ್ಥಿಗಳೂ ಉಪಾಧ್ಯಾಯರೂ ಇದ್ದರು, ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. ನೇಯ್ಗೆಯವನ ಮಗ ಬೆರಳು ಕೊಯ್ದುಕೊಂಡು, ಅದನ್ನು ಬಾಯಲ್ಲಿ ಚೀಪಿ, ಯಾರಿಗೂ ಹೇಳದೆ ಆ ರಾತ್ರಿ ಕಂಕುಳನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುವ ಪುಟ ಹೀಗೆ ಹುಟ್ಟಿತು. ಮೊದಲ ಕರಡಿನಿಂದ ಒಂದಕ್ಷರವೂ ಬದಲಾಗದೆ ಉಳಿದ ಕೆಲವೇ ಪುಟಗಳಲ್ಲಿ ಅದೂ ಒಂದು.

ಭಾಷೆಯದು ಬೇರೆಯೇ ಹೋರಾಟ. ಐರಿಷ್ ಕೂಲಿಗಳು, ಸ್ಕಾಟಿಷ್ ಕೆಲಸದವರು, ಲ್ಯಾಟಿನ್ ಬಲ್ಲ ಉಪಾಧ್ಯಾಯರು ಎಲ್ಲರನ್ನೂ ಕನ್ನಡದಲ್ಲಿ ಮಾತಾಡಿಸಬೇಕಿತ್ತು. ನಮ್ಮಲ್ಲಿ ಇದಕ್ಕೊಂದು ಸುಲಭದ ದಾರಿಯಿದೆ: ಬಡವರ ಬಾಯಿಗೆ ಹಳ್ಳಿಮಾತು, ಸಾಹೇಬರ ಬಾಯಿಗೆ ಪುಸ್ತಕದ ಮಾತು. ಮೊದಲ ಐವತ್ತು ಪುಟ ಹಾಗೇ ಬರೆದೆ. ಓದಿದರೆ ವೆಸ್ಟ್ ಪೋರ್ಟ್ ಮಾಯವಾಗಿ ನಮ್ಮದೇ ಯಾವುದೋ ತಾಲ್ಲೂಕು ಕಣ್ಣಮುಂದೆ ಬರುತ್ತಿತ್ತು; ಜೊತೆಗೆ, ಆ ಹಳ್ಳಿಮಾತನ್ನು ಇಂದಿಗೂ ಆಡುವ ಜನರಿಗೆ ಮಾಡಿದ ಅನ್ಯಾಯದಂತೆಯೂ ಕಂಡಿತು. ಅಷ್ಟನ್ನೂ ಹರಿದುಹಾಕಿದೆ. ಬದಲಿಗೆ ಇಂಗ್ಲಿಷಿಗಿಲ್ಲದ, ನಮಗಿರುವ ಒಂದು ಸವಲತ್ತನ್ನು ಬಳಸಿದೆ: ಏಕವಚನ ಮತ್ತು ಬಹುವಚನ. ನಾಕ್ಸ್ ಬಾಗಿಲುಗಾರನಿಗೆ 'ನೀನು' ಎನ್ನುತ್ತಾನೆ, ಸಿರಿವಂತ ವಿದ್ಯಾರ್ಥಿಗೆ 'ನೀವು' ಎನ್ನುತ್ತಾನೆ, ನೇಯ್ಗೆಯವನ ಮಗನಿಗೆ ಮೊದಲು 'ನೀನು' ಎಂದು ಶುರುಮಾಡಿ, ಅವನ ಕೈಚಳಕ ಕಂಡ ದಿನ 'ನೀವು' ಎನ್ನುತ್ತಾನೆ. ಆ ಒಂದು ಅಕ್ಷರ ಬದಲಾದ ಸಂಜೆ ಹುಡುಗ ನಿದ್ದೆ ಮಾಡುವುದಿಲ್ಲ. ಅದೇ ವಾರ ಅವನು ನೆಲ ತೊಳೆಯುವ ಹುಡುಗಿಯನ್ನು, ಅಲ್ಲಿಯವರೆಗೆ ಅಕ್ಕರೆಯಿಂದ 'ನೀನು' ಎನ್ನುತ್ತಿದ್ದವನು, ಬೇರೊಂದು ದನಿಯಲ್ಲಿ 'ನೀನು' ಎನ್ನತೊಡಗುತ್ತಾನೆ. ಪದ ಅದೇ, ಅವಳಿಗೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ವರ್ಗಭೇದದ ಬಗ್ಗೆ ನಾನು ಬರೆದ ಪುಟಗಟ್ಟಲೆ ವಿವರಣೆಗಿಂತ ಈ ಸರ್ವನಾಮಗಳು ಹೆಚ್ಚು ಕೆಲಸ ಮಾಡಿದವು, ಆದ್ದರಿಂದ ವಿವರಣೆಯನ್ನು ತೆಗೆದೆ.

ಸತ್ತ ದೇಹಕ್ಕೆ ಯಾವ ಪದ ಬಳಸಬೇಕೆಂಬುದು ಇನ್ನೂ ಸೂಕ್ಷ್ಮವಾಗಿತ್ತು. ದೊಡ್ಡವರು ತೀರಿಕೊಂಡರೆ ನಾವು 'ಪಾರ್ಥಿವ ಶರೀರ' ಎನ್ನುತ್ತೇವೆ, ಪೊಲೀಸರ ವರದಿಯಲ್ಲಿ 'ಶವ' ಎಂದಿರುತ್ತದೆ, ಕೆರೆಯಲ್ಲಿ ತೇಲಿದ ಅನಾಮಿಕ 'ಹೆಣ'ವಾಗುತ್ತಾನೆ. ಸಾವಿನ ನಂತರವೂ ಅಂತಸ್ತನ್ನು ಕಾಪಾಡುವ ಭಾಷೆ ನಮ್ಮದು. ಅಲ್ಲಿನ ಅಂಗರಚನಾಕಾರರಿಗೆ ಇಷ್ಟೊಂದು ಪದಗಳ ಅಗತ್ಯವಿರಲಿಲ್ಲ, ಅವರು ಮೇಜಿನ ಮೇಲಿದ್ದದ್ದನ್ನು 'ಸಬ್ಜೆಕ್ಟ್' ಎಂದು ಕರೆಯುತ್ತಿದ್ದರು. ಹೆಣಗಳ್ಳರಂತೂ 'ವಸ್ತು' ಎಂಬರ್ಥದ ಪದವನ್ನೇ ಬಳಸುತ್ತಿದ್ದರು. 'ಸಬ್ಜೆಕ್ಟ್' ಎಂಬುದನ್ನು 'ವಿಷಯ' ಎಂದು ಅನುವಾದಿಸಿ ನೋಡಿದೆ. 'ಈ ವಾರ ವಿಷಯ ಬಂದಿಲ್ಲ' ಎಂಬ ವಾಕ್ಯ ಓದುಗರನ್ನು ಗೊಂದಲಕ್ಕೆ ತಳ್ಳುತ್ತಿತ್ತು. ಕೊನೆಗೆ ಆ ಇಂಗ್ಲಿಷ್ ಪದವನ್ನೇ ಇಟ್ಟುಕೊಂಡೆ. ನೆಲ ತೊಳೆಯುವ ಹುಡುಗಿ ಕೊನೆಯವರೆಗೂ 'ಹೆಣ' ಎನ್ನುತ್ತಾಳೆ. ನೇಯ್ಗೆಯವನ ಮಗ ಮೊದಲ ಅಧ್ಯಾಯದಲ್ಲಿ 'ಹೆಣ' ಎಂದು ಹೇಳಿ ಸಹಪಾಠಿಗಳ ನೋಟಕ್ಕೆ ನಾಚಿ 'ಶವ' ಎನ್ನುತ್ತಾನೆ, ಮೂರನೆಯದರ ಹೊತ್ತಿಗೆ 'ಸಬ್ಜೆಕ್ಟ್' ಎನ್ನಲು ಕಲಿತಿರುತ್ತಾನೆ.

ಡಿಸೆಂಬರ್‌ನಲ್ಲಿ ಎಡಿನ್‌ಬರೋಗೆ ಹೋಗಿಬಂದದ್ದು ಈ ಹಂತದಲ್ಲೇ. ಟ್ಯಾನರ್ಸ್ ಕ್ಲೋಸ್ ಈಗಿಲ್ಲ, ನಾಕ್ಸ್‌ನ ಶಾಲೆಯ ಕಟ್ಟಡವೂ ಇಲ್ಲ. ಆದರೂ ದೂರ ಅಳಿಸಿಹೋಗಿಲ್ಲ. ವೆಸ್ಟ್ ಪೋರ್ಟ್‌ನಿಂದ ಹೊರಟು, ಗ್ರಾಸ್‌ಮಾರ್ಕೆಟ್ ದಾಟಿ, ಕೌಗೇಟ್‌ನ ತಗ್ಗಿನಲ್ಲಿ ನಡೆದು, ಏರು ಹತ್ತಿ ಸರ್ಜನ್ಸ್ ಸ್ಕ್ವೇರ್ ಇದ್ದ ಜಾಗ ತಲುಪಲು ನನಗೆ ಇಪ್ಪತ್ತು ನಿಮಿಷ ಸಾಕಾಯಿತು. ಇಪ್ಪತ್ತು ನಿಮಿಷದ ದಾರಿಯಲ್ಲಿ ಚಹಾದ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಮನುಷ್ಯನನ್ನು ಕೂಲಿಯವನ ಬೆನ್ನ ಮೇಲೆ ಸಾಗಿಸುತ್ತಿದ್ದರು. ಕರಡಿನಲ್ಲಿ ನಾನು ಈ ಪ್ರಯಾಣಕ್ಕೆ ಇಡೀ ಅಧ್ಯಾಯ ಕೊಟ್ಟು, ನಿರ್ಜನ ಬೀದಿಗಳನ್ನೂ ನಡುರಾತ್ರಿಯ ಮಂಜನ್ನೂ ತುಂಬಿದ್ದೆ. ಅಲ್ಲಿ ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರೂಮುಕ್ಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಜನ ಇನ್ನೂ ಬೀದಿಯಲ್ಲಿರುವಾಗಲೇ ಕತ್ತಲಾಗುತ್ತದೆ. ನಡುರಾತ್ರಿಯ ಅಗತ್ಯವೇ ಇರಲಿಲ್ಲ. ಪೆಟ್ಟಿಗೆ ಜನರ ನಡುವೆಯೇ ಹೋಗಿದೆ, ಅದರ ಭಾರವನ್ನು ಹೊತ್ತವನಿಗೆ ಒಳಗೇನಿದೆ ಎಂಬ ಸುಳಿವೂ ಸಿಕ್ಕಿರಬೇಕು. ಬರ್ಕ್‌ನ ಅಸ್ಥಿಪಂಜರ ಇಂದಿಗೂ ಎಡಿನ್‌ಬರೋ ವಿಶ್ವವಿದ್ಯಾಲಯದ ಅಂಗರಚನಾ ಸಂಗ್ರಹಾಲಯದಲ್ಲಿದೆ. ಆದರೆ ಅದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ರಾಷ್ಟ್ರೀಯ ವಸ್ತುಸಂಗ್ರಹಾಲಯದ ಒಂದು ಗಾಜಿನ ಪೆಟ್ಟಿಗೆ. 1836ರಲ್ಲಿ ಊರಿನ ಪಕ್ಕದ ಆರ್ಥರ್ಸ್ ಸೀಟ್ ಗುಡ್ಡದಲ್ಲಿ ಮೊಲದ ಬೇಟೆಗೆ ಹೋದ ಹುಡುಗರಿಗೆ ಬಂಡೆಯ ಸಂದಿಯಲ್ಲಿ 17 ಪುಟಾಣಿ ಶವಪೆಟ್ಟಿಗೆಗಳು ಸಿಕ್ಕಿದವು, ಒಂದೊಂದರಲ್ಲೂ ಬಟ್ಟೆ ತೊಡಿಸಿದ ಮರದ ಗೊಂಬೆ. ಈಗ ಉಳಿದಿರುವುದು ಎಂಟು. ಮಾಡಿದವರು ಯಾರೋ, ಏಕೋ ತಿಳಿದಿಲ್ಲ. ಬರ್ಕ್ ಮತ್ತು ಹೇರ್ ಮಾರಿದ ದೇಹಗಳೂ, ಮೊದಲ ಮುದುಕನನ್ನು ಸೇರಿಸಿ, 17. ಹೂಳಲು ದೇಹವೇ ಉಳಿಯದವರಿಗೆ ಯಾರೋ ಮಾಡಿದ ಉತ್ತರಕ್ರಿಯೆ ಇದಿರಬಹುದೆಂದು ಊಹಿಸಿದವರಿದ್ದಾರೆ. ಊಹೆ ನಿಜವೋ ಅಲ್ಲವೋ, ಬೆರಳುದ್ದದ ಆ ಅಂಗಿಗಳ ಹೊಲಿಗೆಯನ್ನು ನೋಡುತ್ತಾ ನಾನು ಬಹಳ ಹೊತ್ತು ನಿಂತಿದ್ದೆ.

ಥ್ರಿಲ್ಲರ್ ಎಂಬ ಪ್ರಕಾರಕ್ಕೆ ಗುಟ್ಟು ಬೇಕು. ಕೊಂದವರು ಯಾರೆಂಬುದು ಇಲ್ಲಿ ಗುಟ್ಟಲ್ಲ, ಹೆಸರು ಕೇಳಿದವರಿಗೆಲ್ಲ ಗೊತ್ತು. ದಾಖಲೆಗಳನ್ನು ಓದುತ್ತಾ ಹೋದಂತೆ ನನಗೆ ಬೇರೊಂದು ಗುಟ್ಟು ಕಂಡಿತು: ಒಳಗಿದ್ದವರಿಗೆ ಎಷ್ಟು ಗೊತ್ತಿತ್ತು? 1828ರ ಏಪ್ರಿಲ್‌ನಲ್ಲಿ ಮೇರಿ ಪ್ಯಾಟರ್ಸನ್ ಎಂಬ ಯುವತಿಯನ್ನು ತಂದಾಗ, ಸತ್ತು ಕೆಲವೇ ಗಂಟೆಯಾಗಿತ್ತು. ಅವಳನ್ನು ನೋಡಿ ಗುರುತಿದ್ದಂತೆ ಕಂಡ ಒಬ್ಬ ಎತ್ತರದ ಹುಡುಗನೂ, ನಾಕ್ಸ್‌ನ ಸಹಾಯಕ ವಿಲಿಯಂ ಫರ್ಗುಸನ್ನನೂ ಎಲ್ಲಿಂದ ತಂದೆ ಎಂದು ಕೇಳಿದರೆಂದು ಬರ್ಕ್ ತಪ್ಪೊಪ್ಪಿಗೆಯಲ್ಲಿ ಹೇಳಿದ್ದಾನೆ. ಒಬ್ಬ ಮುದುಕಿಯಿಂದ ಕೊಂಡೆ ಎಂದು ಅವನು ಉತ್ತರಿಸಿದ. ಅಷ್ಟಕ್ಕೇ ಪ್ರಶ್ನೆ ನಿಂತಿತು. ಕೂದಲು ಕತ್ತರಿಸಲು ವಿದ್ಯಾರ್ಥಿಯೊಬ್ಬ ಕತ್ತರಿ ಕೊಟ್ಟ. ಅವಳು ಚೆಲುವೆಯೆಂದು ಚಿತ್ರಕಾರನನ್ನು ಕರೆಸಿ ತೋರಿಸಿದರು, ಮೂರು ತಿಂಗಳು ವಿಸ್ಕಿಯಲ್ಲಿ ಮುಳುಗಿಸಿಟ್ಟರು. ಅಕ್ಟೋಬರ್‌ನಲ್ಲಿ ಜೇಮ್ಸ್ ವಿಲ್ಸನ್ ಎಂಬ ಹುಡುಗ ಬಂದ. ಬುದ್ಧಿ ಬೆಳೆಯದ, ಕಾಲು ಊನವಾಗಿದ್ದ, ಬೀದಿ ಬೀದಿ ಅಲೆಯುತ್ತಿದ್ದ, ಊರಿಗೆಲ್ಲ ಪರಿಚಿತನಾಗಿದ್ದ ಹುಡುಗ. ಅವನ ತಾಯಿ ಅವನನ್ನು ಹುಡುಕುತ್ತಾ ಬೀದಿಯಲ್ಲಿ ಕೇಳುತ್ತಿದ್ದಳು. ವಿದ್ಯಾರ್ಥಿಗಳು ಗುರುತಿಸಿದರು, ನಾಕ್ಸ್ ಇದು ಅವನಲ್ಲ ಎಂದ. ಗುರುತು ಸಿಗುವ ತಲೆಯನ್ನೂ ಪಾದಗಳನ್ನೂ ಮೊದಲೇ ಬೇರ್ಪಡಿಸಲಾಯಿತೆಂದು ಅಂದಿನವರು ಹೇಳಿದರು.

ಫರ್ಗುಸನ್ನನಿಗೆ ಆಗ ಇಪ್ಪತ್ತು ವರ್ಷ. ಮುಂದೆ ಅವನು ಲಂಡನ್ನಿನ ಹೆಸರಾಂತ ಶಸ್ತ್ರವೈದ್ಯನಾದ, ವಿಕ್ಟೋರಿಯಾ ರಾಣಿಯ ಶಸ್ತ್ರವೈದ್ಯನಾದ, 1866ರಲ್ಲಿ ಬ್ಯಾರೊನೆಟ್ ಪದವಿ ಪಡೆದ. ಮೊದಲ ಹೆಣವನ್ನು ಒಳಗೆ ಬಿಟ್ಟುಕೊಂಡ ಮೂವರಲ್ಲಿ ಇನ್ನೊಬ್ಬನಾದ ಥಾಮಸ್ ವಾರ್ಟನ್ ಜೋನ್ಸ್ ಕಣ್ಣಿನ ವೈದ್ಯನಾಗಿ, ಉಪಾಧ್ಯಾಯನಾಗಿ ಹೆಸರು ಮಾಡಿದ. ಅವರು ಕೊಲೆಯಾಗಿದೆ ಎಂದು ತಿಳಿದೂ ಸುಮ್ಮನಿದ್ದರು ಎನ್ನುವುದಕ್ಕೆ ಸಾಕ್ಷ್ಯವಿಲ್ಲ, ನಾನು ಹಾಗೆ ಬರೆದೂ ಇಲ್ಲ. ನಾನು ಬರೆಯಲು ಯತ್ನಿಸಿದ್ದು ಒಂದು ಪ್ರಶ್ನೆ ನಾಲಿಗೆಯ ತುದಿಗೆ ಬಂದು ಹಿಂದಿರುಗುವ ಆ ಕ್ಷಣವನ್ನು. ಕೇಳಿದರೆ ಸಬ್ಜೆಕ್ಟ್ ಬರುವುದು ನಿಲ್ಲುತ್ತದೆ, ನಿಂತರೆ ತರಗತಿ ನಿಲ್ಲುತ್ತದೆ, ತರಗತಿ ನಿಂತರೆ ಸಾಲ ಮಾಡಿ ಬಂದವನು ಮಗ್ಗಕ್ಕೆ ಹಿಂದಿರುಗಬೇಕು.

ಇಷ್ಟು ತಿಳಿದಿದ್ದೂ ನನ್ನ ಮೊದಲ ಕರಡು ಅವರಂತೆಯೇ ನಡೆದುಕೊಂಡಿತ್ತು. ಗೆಳತಿಯ ಮಾತು ಕೇಳಿ ಮನೆಗೆ ಬಂದು ಹಾಳೆಗಳನ್ನು ತಿರುವಿದರೆ, 16 ಸಾವುಗಳೂ ಅಧ್ಯಾಯದ ಕೊನೆಗೆ ಬಂದು ಓದುಗರನ್ನು ಮುಂದಿನ ಪುಟಕ್ಕೆ ದೂಡುವ ಕೆಲಸವನ್ನಷ್ಟೇ ಮಾಡುತ್ತಿದ್ದವು. ಟಿಪ್ಪಣಿ ಪುಸ್ತಕದಲ್ಲಿ ನಾನೇ ಅವರನ್ನು 'ಐದನೆಯದು', 'ಒಂಬತ್ತನೆಯದು' ಎಂದು ಗುರುತು ಹಾಕಿಕೊಂಡಿದ್ದೆ. ಅದನ್ನು ಕಂಡು ನನಗೆ ನಿಜಕ್ಕೂ ಸಂಕಟವಾಯಿತು. ಸುಮಾರು ಒಂದು ತಿಂಗಳು ಏನನ್ನೂ ಬರೆಯಲಾಗಲಿಲ್ಲ.

ಆಮೇಲೆ ವಿಚಾರಣೆಯ ವರದಿಯನ್ನು ಮತ್ತೆ ತೆಗೆದೆ, ಈ ಬಾರಿ ಊಟವನ್ನು ಹುಡುಕುತ್ತಾ. ಸಿಕ್ಕಿತು. ಕೊನೆಯದಾಗಿ ಸತ್ತವಳು ಮಾರ್ಜರಿ ಡಾಕರ್ಟಿ ಎಂಬ ಐರಿಷ್ ಹೆಂಗಸು, ಮಗನನ್ನು ಹುಡುಕಿಕೊಂಡು ಎಡಿನ್‌ಬರೋಗೆ ಬಂದಿದ್ದವಳು. 1828ರ ಅಕ್ಟೋಬರ್ 31ರ ಬೆಳಿಗ್ಗೆ ಅವಳು ಒಂದು ಅಂಗಡಿಯಲ್ಲಿ ಬೇಡುತ್ತಿದ್ದಾಗ ಬರ್ಕ್ ಅವಳ ಹೆಸರು ಕೇಳಿ, ನನ್ನ ತಾಯಿಯೂ ಡಾಕರ್ಟಿ ಮನೆತನದವಳೇ ಎಂದು ಸುಳ್ಳು ನೆಂಟಸ್ತಿಕೆ ಹೇಳಿ, ತಿಂಡಿ ಕೊಡುತ್ತೇನೆಂದು ಮನೆಗೆ ಕರೆದೊಯ್ದ. ಅವಳು ಗಂಜಿ ಕುಡಿದಳು. ಆ ಸಂಜೆ ನೆರೆಯವರೊಂದಿಗೆ ಹಾಡಿದಳು, ಕುಣಿದಳು. ಎಷ್ಟೋ ಬಾರಿ ಓದಿದ್ದರೂ ಈ ಗಂಜಿಯನ್ನು ನಾನು ದಾಟಿಕೊಂಡು ಹೋಗಿದ್ದೆ, ಏಕೆಂದರೆ ನನಗೆ ಬೇಕಿದ್ದದ್ದು ರಾತ್ರಿ ಹನ್ನೊಂದರ ನಂತರದ್ದು. ಹೊಸ ಕರಡಿನಲ್ಲಿ ಗಂಜಿಗೆ ಎರಡು ಪುಟ ಕೊಟ್ಟಿದ್ದೇನೆ. ಬಟ್ಟಲಿನ ಬಿಸಿ, ಊದಿ ಕುಡಿಯುವಾಗ ಅವಳು ಮಗನ ಬಗ್ಗೆ ಕೇಳುವ ಪ್ರಶ್ನೆ, ಅಪರಿಚಿತ ಊರಿನಲ್ಲಿ ತನ್ನ ಮನೆತನದ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದವಳ ಸಮಾಧಾನ. ಅವಳ ಸಾವು ಮಾತ್ರ ಪುಟದ ಮೇಲಿಲ್ಲ. 16 ಜನರಲ್ಲಿ ಕೆಲವರ ಹೆಸರೂ ದಾಖಲೆಯಲ್ಲಿ ಉಳಿದಿಲ್ಲ. ಅವರಿಗೆ ನಾನು ಹೆಸರು ಕಟ್ಟಲಿಲ್ಲ. ಆದರೆ ಪ್ರತಿಯೊಬ್ಬರೂ ಕಾದಂಬರಿಯೊಳಗೆ ಬರುವಾಗ ಬದುಕಿದ್ದು ಏನನ್ನಾದರೂ ಮಾಡುತ್ತಿರುತ್ತಾರೆ.

ಕಾನೂನಿನ ಭಾಗವನ್ನು ಬಹಳಷ್ಟು ಕಡಿತಗೊಳಿಸಿದೆ. ಉಸಿರುಗಟ್ಟಿಸಿದ ಸಾವು ಗುರುತನ್ನು ಅಷ್ಟಾಗಿ ಬಿಡುವುದಿಲ್ಲ. ಡಾಕರ್ಟಿಯ ದೇಹವನ್ನು ಪರೀಕ್ಷಿಸಿದ ವೈದ್ಯ ರಾಬರ್ಟ್ ಕ್ರಿಸ್ಟಿಸನ್‌ಗೆ ಕೊಲೆಯೆಂದು ಖಚಿತವಾಗಿ ಹೇಳಲಾಗಲಿಲ್ಲ. ಆದ್ದರಿಂದ ಹೇರ್‌ಗೆ ಕ್ಷಮೆ ಕೊಟ್ಟು ಸಾಕ್ಷಿಯಾಗಿಸಿಕೊಂಡರು. ವಿಚಾರಣೆ ಡಿಸೆಂಬರ್ 24ರ ಬೆಳಿಗ್ಗೆ ಆರಂಭವಾಗಿ ಕ್ರಿಸ್ಮಸ್ ಬೆಳಿಗ್ಗೆಯವರೆಗೂ ನಡೆಯಿತು; ಬರ್ಕ್‌ನನ್ನು 1829ರ ಜನವರಿ 28ರಂದು ಗಲ್ಲಿಗೇರಿಸಿ, ಅವನ ದೇಹವನ್ನು ಮೂರನೆಯ ಮನ್ರೋ ಸಾರ್ವಜನಿಕವಾಗಿ ಕೊಯ್ದ. ನಾಕ್ಸ್‌ನ ಮೇಲೆ ಮೊಕದ್ದಮೆಯೇ ಆಗಲಿಲ್ಲ. 1832ರ ಅಂಗರಚನಾ ಕಾಯಿದೆಯ ಬಗ್ಗೆ ಬರೆದಿದ್ದ ಉಪಸಂಹಾರವನ್ನೂ ಬಿಟ್ಟೆ, ಮನಸ್ಸಿಲ್ಲದ ಮನಸ್ಸಿನಿಂದ. ಆ ಕಾಯಿದೆ ಕೊಲೆಗಾರರ ದೇಹ ಕೊಯ್ಯುವುದನ್ನು ನಿಲ್ಲಿಸಿ, ಬಡವರ ದುಡಿಮೆಮನೆಗಳಲ್ಲೂ ಆಸ್ಪತ್ರೆಗಳಲ್ಲೂ ಸತ್ತು ಯಾರೂ ಕೇಳದೆ ಉಳಿದವರ ದೇಹಗಳನ್ನು ಅಂಗರಚನಾ ಶಾಲೆಗಳಿಗೆ ಕೊಡಲು ದಾರಿ ಮಾಡಿತು. ಹಿಂದೆ ಕೊಲೆಗಾರನಿಗಿದ್ದ ಶಿಕ್ಷೆ ಹೀಗೆ ಬಡತನಕ್ಕೆ ಸಂದಿತು. ಹೆಣಗಳ್ಳರ ಕಸುಬು ನಿಂತಿತು ನಿಜ, ವೈದ್ಯವಿದ್ಯೆ ಬೆಳೆಯಿತು ನಿಜ, ಎರಡನ್ನೂ ಬರೆದಿದ್ದೆ. ಆದರೆ 1828ರಲ್ಲಿ ಇರುವವರಿಗೆ ಗೊತ್ತಿಲ್ಲದ್ದನ್ನು ಓದುಗರ ಕಿವಿಯಲ್ಲಿ ಹೇಳುವ ಅಧ್ಯಾಯ ಅದು. ಕತೆಯೊಳಗೆ ಅದಕ್ಕೆ ಜಾಗವಿರಲಿಲ್ಲ.

ಹಾಗಾಗಿ ಕಾದಂಬರಿ ಈಗ ಗಲ್ಲುಗಂಬದ ಬಳಿ ಮುಗಿಯುವುದಿಲ್ಲ, ನೇಯ್ಗೆಯವನ ಮಗನ ಬಳಿಯೂ ಮುಗಿಯುವುದಿಲ್ಲ. ಬರ್ಕ್‌ನ ಮನೆಯಲ್ಲಿ ಆ್ಯನ್ ಗ್ರೇ ಮತ್ತು ಜೇಮ್ಸ್ ಗ್ರೇ ಎಂಬ ಬಡ ದಂಪತಿ ಮಗುವಿನೊಂದಿಗೆ ತಂಗಿದ್ದರು. ನವೆಂಬರ್ 1ರಂದು ಆ್ಯನ್ ಮಗುವಿನ ಕಾಲುಚೀಲ ಹುಡುಕಲು ಹಾಸಿಗೆಯ ಬಳಿಯ ಹುಲ್ಲಿನ ಕಡೆ ಹೋದಾಗ ಬರ್ಕ್ ಗದರಿಸಿ ತಡೆದ. ಯಾರೂ ಇಲ್ಲದ ಹೊತ್ತು ನೋಡಿ ಅವಳು ಹುಲ್ಲನ್ನು ಸರಿಸಿದಳು. ಅಡಿಯಲ್ಲಿ ಒಂದು ತೋಳು ಸಿಕ್ಕಿತು. ಬರ್ಕ್‌ನ ಜೊತೆಗಾತಿ ಹೆಲೆನ್ ಮೆಕ್‌ಡೂಗಲ್ ಕಾಲಿಗೆ ಬಿದ್ದು ಬೇಡಿಕೊಂಡಳು, ಬಾಯಿ ಮುಚ್ಚಿಕೊಂಡಿದ್ದರೆ ವಾರಕ್ಕೆ 10 ಪೌಂಡ್ ಸಿಗಬಹುದು ಎಂದಳು. ಅದು ಚಳಿಗಾಲದಲ್ಲಿ ಒಂದು ದೇಹಕ್ಕೆ ಸರ್ಜನ್ಸ್ ಸ್ಕ್ವೇರ್ ಕೊಡುತ್ತಿದ್ದ ಪೂರ್ತಿ ಬೆಲೆ. ಸತ್ತವರಿಂದ ಬರುವ ಹಣ ನಮಗೆ ಬೇಡ ಎಂಬರ್ಥದ ಮಾತನ್ನು ಆ್ಯನ್ ಹೇಳಿದಳೆಂದು ವರದಿಯಲ್ಲಿದೆ. ಒಂದು ವರ್ಷದಲ್ಲಿ ಆ ದೇಹಗಳ ಹತ್ತಿರ ಬಂದ ಅಷ್ಟೊಂದು ಜನರಲ್ಲಿ ಹುಲ್ಲು ಸರಿಸಿ ನೋಡಿ, ನೋಡಿದ್ದನ್ನು ಪೊಲೀಸರಿಗೆ ಹೇಳಿದವರು ಇವರು. ಕೊನೆಯ ಪುಟದಲ್ಲಿ ಅವರು ತಮ್ಮ ಗಂಟುಮೂಟೆ ಕಟ್ಟಿಕೊಂಡು ಮಗುವನ್ನು ಎತ್ತಿಕೊಂಡು ಕತ್ತಲ ಬೀದಿಗೆ ಇಳಿಯುತ್ತಾರೆ, ಆ ರಾತ್ರಿ ಮಲಗಲು ಅವರಿಗೆ ಬೇರೆ ಜಾಗವಿಲ್ಲ. ಮಗುವಿನ ಒಂದು ಕಾಲಿಗೆ ಮಾತ್ರ ಕಾಲುಚೀಲವಿದೆ.